ಕೊಸರಿಗೆ ಬಂದ ಡಿಸ್ಕು

ಕೊಸರು ಕೇಳದೆ ನಾನು ಯಾವ ಅಂಗಡಿಯ ಮೆಟ್ಟಿಲನ್ನೂ ಇಳಿದವನಲ್ಲ. ಸಂತೆಯಲ್ಲಿ ಟೊಮೇಟೊ ತೂಗಿದ ಮೇಲೆ ಇನ್ನೆರಡು ಹಣ್ಣು, ಬಟ್ಟೆ ಅಂಗಡಿಯಲ್ಲಿ ಸೀರೆಯ ಜೊತೆ ಒಂದು ಕರ್ಚೀಫು, ಸೈಕಲ್ ಶಾಪಿನಲ್ಲಿ ಟ್ಯೂಬಿನ ಜೊತೆ ಒಂದು ವಾಲ್ವು. ಚೌಕಾಸಿ ಎಲ್ಲರಿಗೂ ಬರುತ್ತದೆ. ಕೊಸರು ಕೇಳುವುದಕ್ಕೆ ಮಾತ್ರ ಹೊತ್ತು ಗೊತ್ತಿರಬೇಕು. ಮಾತೆಲ್ಲ ಮುಗಿದು, ಸಾಮಾನು ಚೀಲಕ್ಕೆ ಬಿದ್ದು, ಅಂಗಡಿಯವನು ಸದ್ಯ ಈ ಮಹರಾಯ ಹೊರಟನಲ್ಲ ಎಂದು ಉಸಿರು ಬಿಡುತ್ತಾನಲ್ಲ, ಆ ಗಳಿಗೆಯಲ್ಲಿ ಕೈ ಚಾಚಬೇಕು. ಆಗ ಇಲ್ಲ ಅನ್ನುವವನು ಕಡಿಮೆ. ಈ ಬುದ್ಧಿಯನ್ನು ನಾನು ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ.

ಗುಂಡ್ಲುಪೇಟೆ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಮದುವೆಮನೆಗಳಲ್ಲಿ ವಿಡಿಯೋದವರ ಹಿಂದೆ ಲೈಟು ಹಿಡಿದುಕೊಂಡು ಓಡಾಡುತ್ತಿದ್ದವನು ನಾನು. ಲೈಟು ಹಿಡಿದ ಕೈ ಕ್ಯಾಮೆರಾ ಹಿಡಿಯಿತು, ಕ್ಯಾಮೆರಾ ಹಿಡಿದ ಕೈ ಮೌಸ್ ಹಿಡಿಯಿತು. ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಿಲ್ಲ. ಕಲಿತವರ ಬೆನ್ನ ಹಿಂದೆ ನಿಂತು ಅವರ ಬೆರಳು ಯಾವ ಕೀಲಿ ಒತ್ತುತ್ತದೆ ಎಂದು ನೋಡಿಕೊಂಡು ಬಂದು ರೂಮಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಅದೇ ನನ್ನ ಶಾಲೆ.

ಈಗ ಮೇಜಿನ ಮೇಲಿರುವ ಕಂಪ್ಯೂಟರನ್ನು ಚಾಮರಾಜನಗರದಲ್ಲಿ ಕೊಂಡೆ. ಅಲ್ಲಿ ಕಂಪ್ಯೂಟರ್ ಮಾರುವುದನ್ನೂ ರಿಪೇರಿಯನ್ನೂ ಒಟ್ಟಿಗೆ ಮಾಡುವ ಒಬ್ಬರಿದ್ದಾರೆ, ನನ್ನ ವಯಸ್ಸಿನವರೇ. ಆವತ್ತು ಮಧ್ಯಾಹ್ನದವರೆಗೂ ಮಾತಾಡಿ ಅವರ ಊಟದ ಹೊತ್ತು ಮೀರಿಸಿದೆ. ಪೆಟ್ಟಿಗೆ ಕಟ್ಟಿಸಿದ ಮೇಲೆ, ಮೂಲೆಯ ಹಲಗೆಯ ಮೇಲೆ ಬಿದ್ದಿದ್ದ ಒಂದು ಹಳೆಯ ಹಾರ್ಡ್ ಡಿಸ್ಕ್ ಕಣ್ಣಿಗೆ ಬಿತ್ತು. "ಕೊಸರಿಗೆ ಅದ ಆಕ್ಬುಡಿ," ಎಂದೆ. ಅವರು ಬೇಡ ಅಂದರು, ಇನ್ನೊಂದು ಸಲ ಬೇಡ ಅಂದರು. ನಾನು ಮೆಟ್ಟಿಲು ಇಳಿಯಲಿಲ್ಲ. ಕೊನೆಗೆ ಅದನ್ನೂ ಒಳಗೆ ಕೂರಿಸಿ ಮುಚ್ಚಳ ಮುಚ್ಚಿದರು.

ಮನೆಗೆ ತಂದು ನಾನು ಮಾಡಿದ ಕೆಲಸವನ್ನು ನಮ್ಮ ಕಡೆಯ ಯಾವ ಹೆಂಗಸು ಕೇಳಿದರೂ ಸರಿ ಎನ್ನುತ್ತಾಳೆ. ಹೊಸ ಸ್ಟೀಲ್ ಪಾತ್ರೆಯನ್ನು ಅಟ್ಟದ ಮೇಲಿಟ್ಟು ಹಳೆಯದರಲ್ಲಿ ಬೇಯಿಸುವ ಮನೆಗಳು ನಮ್ಮವು. ನಾನೂ ಹೊಸ ಡಿಸ್ಕನ್ನು ಸವೆಯದ ಹಾಗೆ ಕಾಪಾಡಿ, ಮೈಮುರಿಯುವ ಕೆಲಸವನ್ನೆಲ್ಲ ಕೊಸರಿನ ಡಿಸ್ಕಿಗೆ ಹೊರಿಸಿದೆ. ತೆಗೆದ ಮದುವೆಗಳನ್ನೆಲ್ಲ ಅದರಲ್ಲಿ ತುಂಬಿದೆ. ಫೋಟೋ ತಿದ್ದುವ ಸಾಫ್ಟ್‌ವೇರಿಗೆ ಕೆಲಸದ ನಡುವೆ ಗೀಚಿ ಅಳಿಸುವುದಕ್ಕೆ ಡಿಸ್ಕಿನಲ್ಲಿ ಒಂದಿಷ್ಟು ಜಾಗ ಬೇಕು. ಮನೆ ಕಟ್ಟುವವರು ಗಾರೆ ಕಲಸಲು ಅಂಗಳದ ಒಂದು ಮೂಲೆ ಹಿಡಿಯುವುದಿಲ್ಲವೆ, ಹಾಗೆ. ಅದಕ್ಕೆ ಸ್ಕ್ರ್ಯಾಚ್ ಎನ್ನುತ್ತಾರೆ. ಆ ಮೂಲೆಯನ್ನೂ ಹಳೆಯ ಡಿಸ್ಕಿನಲ್ಲೇ ಕೊಟ್ಟೆ.

ವರ್ಷಗಟ್ಟಲೆ ನಡೆಯಿತು. ಹೋದ ಬೇಸಿಗೆಯಿಂದ ಸಾಫ್ಟ್‌ವೇರು ಹ್ಯಾಂಗ್ ಆಗತೊಡಗಿತು. ಕೂದಲಿನ ಅಂಚು ಬಿಡಿಸುತ್ತಿರುವಾಗ ಬ್ರಷ್ ನಿಂತಲ್ಲೇ ನಿಲ್ಲುತ್ತಿತ್ತು. ಬಾಣದ ಗುರುತು ಹೋಗಿ ನೀಲಿ ಉಂಗುರ ಬಂದು ಸುತ್ತತೊಡಗುತ್ತಿತ್ತು. ತಾಳ್ಮೆಗೆಟ್ಟು ಒಂದು ಕ್ಲಿಕ್ ಮಾಡಿದರೆ ಪರದೆಯ ಮೇಲೆ ಸುಣ್ಣದ ನೀರು ಬಳಿದ ಹಾಗೆ ಇಡೀ ಚಿತ್ರ ಮಂಕಾಗುತ್ತಿತ್ತು. ಆಮೇಲೆ ಆಫ್ ಮಾಡಿ ಆನ್ ಮಾಡುವುದೊಂದೇ ದಾರಿ.

ನಾನು ಮಾಡದ ಮದ್ದಿಲ್ಲ. ಸ್ಟುಡಿಯೋದವರು ಒಬ್ಬರಿಂದ ಒಬ್ಬರು ಪೆನ್‌ಡ್ರೈವಿನಲ್ಲಿ ಪುಕ್ಕಟೆ ತುಂಬಿಕೊಂಡು ಬರುವ ಅಕ್ಷರದ ಫಾಂಟುಗಳು ನನ್ನಲ್ಲಿ ಲೆಕ್ಕವಿಲ್ಲದಷ್ಟು ಇದ್ದವು. ಅವುಗಳಲ್ಲಿ ಒಂದು ಕೆಟ್ಟಿದ್ದರೂ ಸಾಫ್ಟ್‌ವೇರು ಒದ್ದಾಡುತ್ತದೆ ಎಂದು ಯಾರೋ ಅಂದರು, ಮುಕ್ಕಾಲು ಪಾಲು ಕಿತ್ತೆಸೆದೆ. ಆಯುಧಪೂಜೆಯಲ್ಲಿ ಎರಚಿದ ಕುಂಕುಮ ಗಾಳಿಕಿಂಡಿಯಲ್ಲಿ ಕೂತು ಫ್ಯಾನು ಬಿಗಿಯಾಗಿದೆಯೇನೋ ಎಂದು ಮುಚ್ಚಳ ಬಿಚ್ಚಿ ಬಣ್ಣದ ಬ್ರಷ್ಷಿನಿಂದ ಗುಡಿಸಿದೆ. ಸಾಫ್ಟ್‌ವೇರು ತೆಗೆದು ಮತ್ತೆ ಹಾಕಿದೆ. ಒಂದೆರಡು ದಿನ ಸರಿಹೋದಂತೆ ಕಾಣುತ್ತಿತ್ತು, ಮತ್ತೆ ಅದೇ ಉಂಗುರ. ಎಲ್ಲದರ ಮೇಲೂ ಅನುಮಾನಪಟ್ಟೆ. ಕೊಸರಿನ ಮೇಲೆ ಮಾತ್ರ ಪಡಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಹಂಗಳದಿಂದ ಒಬ್ಬ ಹೆಂಗಸು ಬಂದಳು. ಕಾಡಂಚಿನ ಒಂದು ರೆಸಾರ್ಟಿನಲ್ಲಿ ರೂಮು ಕ್ಲೀನ್ ಮಾಡುವ ಕೆಲಸ ಅವಳದು. ಹತ್ತು ವರ್ಷದ ಕೆಳಗೆ ಅವಳ ಮದುವೆಯ ಫೋಟೋ ತೆಗೆದವನು ನಾನೇ.

"ಅಣ್ಣ, ನಮ್ಮವ್ವ ಓಗ್ಬುಟ್ಲು," ಎಂದಳು. "ಇವತ್ತಿಗೆ ಎಂಟು ದಿನ. ಹನ್ನೊಂದ್ರ ದಿವ್ಸ ಮುಂದ್ಕ ಮಡಗಾಕ್ಕ ಒಂದು ಫೋಟೋ ಬೇಕಲ್ಲಣ್ಣ."

ಕೈಚೀಲದಿಂದ ತಾಯಿಯ ಆಧಾರ್ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಇಂಥ ಕೆಲಸ ನನಗೆ ಹೊಸದಲ್ಲ. ಕಾರ್ಡಿನ ಮುಖ ತೆಗೆದು, ಒಳ್ಳೆಯ ಸೀರೆಯ ಮೈಗೆ ಕೂರಿಸಿ, ಹಿಂದೆ ನೀಲಿ ಆಕಾಶ ಹಾಕಿ ಎಷ್ಟೋ ಮನೆಗಳಿಗೆ ಕೊಟ್ಟಿದ್ದೇನೆ. "ಇದ್ರಲ್ಲೇ ಮಾಡ್ಕೊಡ್ಲಾ?" ಎಂದೆ.

"ಅಯ್ಯೋ ಬ್ಯಾಡ ಕಣಣ್ಣ. ಇದು ನಮ್ಮವ್ವನ ಮೊಕವಾ? ಪೊಲೀಸ್ನೋರು ಇಡ್ಕಬಂದು ಕೂರ್ಸಂಗವಳ. ಇದ್ಕ ದೀಪ ಅಚ್ಚಾಕಾಯ್ತದಾ?"

ಬೇರೆ ಫೋಟೋ ಇಲ್ಲವೆ, ಎಲ್ಲರ ಕೈಯಲ್ಲೂ ಫೋನಿದೆಯಲ್ಲ ಎಂದೆ. ಇಲ್ಲ ಎಂದಳು. ತಾಯಿ ಊಟಿ ರಸ್ತೆಯ ಪಕ್ಕದ ಹೊಲಗಳಲ್ಲಿ ಚೆಂಡುಹೂ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಹೂ ಅರಳಿದ ಕಾಲದಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆದುಕೊಳ್ಳುವವರ ಕಾಟ. ಫೋನು ಮೇಲೆದ್ದರೆ ಸಾಕು, ಅವಳು ಸೆರಗೆಳೆದುಕೊಂಡು ಹೂವಿನ ಸಾಲಿನೊಳಗೆ ಕೂತುಬಿಡುತ್ತಿದ್ದಳಂತೆ. ಮನೆಯಲ್ಲೂ ಅದೇ ಅಭ್ಯಾಸ. ಎಲ್ಲೆಲ್ಲಿಯವರ ಫೋನಿನಲ್ಲೋ ಅವಳ ಬೆನ್ನು ಇರಬಹುದು. ಮುಖ ಯಾರ ಹತ್ತಿರವೂ ಇಲ್ಲ.

"ನನ್ನ ಮದ್ವೇಲಿ ಒಂದ ತೆಗ್ದಿದ್ದಲ್ಲಣ್ಣ, ಎಲ್ರೂ ನಿಂತಿರದು. ಅದ್ರಲ್ಲಿ ಅವ್ವ ನಗ್ತಾವಳ. ಅದ ಕೊಡು."

"ಆಲ್ಬಮ್ ತಂದಿದ್ದಿಯ?"

"ತಂದಿವ್ನಿ. ನೀನೇ ನೋಡು."

ಆಲ್ಬಮ್ಮಿನ ಆ ಹಾಳೆ ಬಿಚ್ಚಿದಳು. ನಡುವೆ ಗಂಡು ಹೆಣ್ಣು, ಸುತ್ತ ನೆಂಟರು. ಬಲತುದಿಯಲ್ಲಿ ಒಂದು ದೊಡ್ಡ ಗುಲಾಬಿ ಹೂವು, ಅದರ ಕೆಳಗಿನಿಂದ ಹಸಿರು ರವಿಕೆಯ ಒಂದು ತೋಳು ಇಣುಕುತ್ತಿತ್ತು. ಡಿಸೈನಿಗೆ ತುದಿ ಖಾಲಿ ಖಾಲಿ ಕಾಣುತ್ತದೆ ಎಂದು ಆ ಗುಲಾಬಿ ಇಟ್ಟವನು ನಾನು.

"ನಮ್ಮವ್ವನ ಮೊಕದ್ಮ್ಯಾಲ ಊ ಮಡಗಿದಯಲ್ಲಣ್ಣ," ಎಂದಳು. ಬೈಗುಳದ ದನಿಯಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. "ಅವತ್ತೇ ನಾನು ಎಲ್ಲ ಫೋಟೋವ ಪೆನ್‌ಡ್ರೈವ್ಗ ಆಕ್ಕೊಡು ಅಂದಿ. ನೀನು ಗಡಿಯಾರ ಕೊಟ್ಟು ಕಳ್ಸ್ದೆ."

ಅದೂ ನಿಜ. ಫೈಲು ಗಿರಾಕಿಯ ಕೈಗೆ ಹೋದರೆ ಗಿರಾಕಿ ಮತ್ತೆ ಬರುವುದಿಲ್ಲ, ಪ್ರಿಂಟಿಗೆ ಬೇರೆ ಕಡೆ ಹೋಗುತ್ತಾನೆ ಎನ್ನುವುದು ನಮ್ಮ ಕಸುಬಿನ ಲೆಕ್ಕ. ಅದಕ್ಕೇ ಕೇಳಿದವರಿಗೆಲ್ಲ, ಗಂಡು ಹೆಣ್ಣಿನ ಚಿತ್ರ ಅಚ್ಚು ಹಾಕಿಸಿದ ಗೋಡೆ ಗಡಿಯಾರ ಒಂದನ್ನು ಕೊಸರಾಗಿ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದೆ. ಕೊಸರು ಕೇಳುವುದರಲ್ಲಿ ಹೇಗೋ ಕೊಡುವುದರಲ್ಲೂ ಹಾಗೆ, ಹೊತ್ತು ನೋಡಿ ಕೊಡುತ್ತಿದ್ದೆ.

"ಯೋಚ್ನೆ ಮಾಡ್ಬ್ಯಾಡ ಕಣಮ್ಮಿ, ಅಸಲಿ ಫೈಲು ನನ್ನತ್ರ ಭದ್ರವಾಗದ," ಎಂದೆ. "ನಿಮ್ಮವ್ವನ ಮೊಕ ಎದ್ದು ಮಾತಾಡಂಗ ಮಾಡ್ಕೊಡ್ತೀನಿ."

ಅವಳು ಹೋದ ಮೇಲೆ ಆ ಫೈಲು ತೆರೆಯಲು ಕೂತೆ. ಕಾಲು ಭಾಗ ಮೂಡಿತು, ನಿಂತಿತು. ಉಂಗುರ ಸುತ್ತಿತು. ಆಫ್ ಮಾಡಿದೆ, ಆನ್ ಮಾಡಿದೆ. ಈ ಸಲ ಏನೂ ಮೂಡಲಿಲ್ಲ. ಮೂರು ಕೀಲಿ ಒಟ್ಟಿಗೆ ಒತ್ತಿ ಸಾಫ್ಟ್‌ವೇರಿನ ಹೊಂದಿಕೆಯನ್ನೆಲ್ಲ ಮೊದಲಿನ ಸ್ಥಿತಿಗೆ ತರುವ ಉಪಾಯ ಮಾಡಿದೆ. ಆಗ ಸ್ಕ್ರ್ಯಾಚ್ ತಾನಾಗಿ ಹೊಸ ಡಿಸ್ಕಿಗೆ ಹೋಗಿತ್ತು, ಅದು ಸವೆದೀತೆಂದು ನಾನೇ ಮತ್ತೆ ಹಳೆಯದಕ್ಕೆ ಕೊಟ್ಟೆ. ಸಾಯಂಕಾಲದವರೆಗೂ ಹೀಗೇ. ಪೆಟ್ಟಿಗೆಯ ಒಳಗಿನಿಂದ ಸೌತೆಕಾಯಿ ಹೆಚ್ಚುವ ಹಾಗೆ ಟಕ್ ಟಕ್ ಎಂದು ಸದ್ದು ಬರುತ್ತಿತ್ತು. ಫ್ಯಾನಿನದ್ದು ಎಂದುಕೊಂಡೆ. ನಿಮಗೆ ಒಂದು ಮಾತು ಹೇಳುತ್ತೇನೆ, ಕಂಪ್ಯೂಟರಿನಿಂದ ಆ ಸದ್ದು ಕೇಳಿದರೆ ಕೈ ತೊಳೆದುಕೊಂಡು ಎದ್ದುಬಿಡಿ. ಪ್ರತಿ ಆನ್ ಆಫ್‌ಗೂ ಒಳಗೆ ಏನೋ ಒಂದು ಉದುರುತ್ತಿರುತ್ತದೆ. ನನಗೆ ಆಗ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಕೇಳುತ್ತಿರಲಿಲ್ಲವೇನೋ.

ಮಾರನೆಯ ದಿನ ಕಂಪ್ಯೂಟರಿನ ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ ಚಾಮರಾಜನಗರದ ಬಸ್ಸು ಹತ್ತಿದೆ. ತೆರಕಣಾಂಬಿ ದಾಟುವವರೆಗೂ ಹೊಂಡ ಬಂದಾಗಲೆಲ್ಲ ಅದನ್ನು ಎದೆಗೆ ಅವುಚಿಕೊಳ್ಳುತ್ತಿದ್ದೆ. ಕಂಡಕ್ಟರು ನೋಡಿ, "ಮಗೀಗೂ ಟಿಕೇಟ್ ತಗಬೇಕಾಯ್ತದ ಯಜಮಾನ್ರೇ," ಎಂದ. "ಮಡಿಲ ಮ್ಯಾಲಿರೋ ಮಗೀಗ ಎಲ್ಲೀ ಟಿಕೇಟಯ್ಯ," ಎಂದೆ. ಬಸ್ಸು ನಕ್ಕಿತು. ನನಗೆ ನಗು ಬರಲಿಲ್ಲ.

ಕಂಪ್ಯೂಟರಿನವರು ಮುಚ್ಚಳ ತೆಗೆದು, ಆನ್ ಮಾಡಿ, ಕಿವಿಯನ್ನು ಹತ್ತಿರ ತಂದು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ನನ್ನ ಮುಖ ನೋಡಿದರು.

"ಸ್ಕ್ರ್ಯಾಚ್ ಯಾವ ಡಿಸ್ಕಿಗ ಕೊಟ್ಟಿದ್ದಿಯಣ್ಣ?"

"ಹಳೇದ್ಕ."

"ಯಾಕ?"

"ಹೊಸ್ದು ಸವೀಬಾರ್ದು ಅಂತ."

"ಅಲ್ಲಾ, ಹೊಸ ಎತ್ತ ಕೊಟ್ಟಿಗೇಲಿ ಕಟ್ಟಾಕ್ಬುಟ್ಟು ಮುದಿ ಎತ್ತಲ್ಲಿ ಇಷ್ಟ್ ವರ್ಷ ಉತ್ತಿದ್ದಿಯಲ್ಲಣ್ಣ! ಅದು ನಿಂತಾಗೆಲ್ಲ ಸಾಫ್ಟ್‌ವೇರ್ ಅದ್ಕ ಕಾಯ್ಕಂಡು ನಿಂತ್ಕತದ. ನೀನು ಹ್ಯಾಂಗ್ ಆಯ್ತು ಅಂತೀಯ."

"ಆ ಡಿಸ್ಕ ಕೊಟ್ಟೋನು ನೀನೇ ತಾನೇ?"

"ನಾನೆಲ್ಲಿ ಕೊಟ್ಟಿ? ನೀನು ಕಿತ್ಕಂಡೋದೆ. ಯಾವ್ದೋ ಆಫೀಸಿನ ಹಳೆ ಕಂಪ್ಯೂಟ್ರಿಂದ ಬಿಚ್ಚಿ ಬಿಸಾಡಾಕಂತ ಮಡಗಿದ್ದಿ. ಬ್ಯಾಡ ಅಂತ ಬಡ್ಕಂಡಿ. ಕೊಸರು ಕೊಸರು ಅಂತ ನನ್ನ ಊಟ ಕೆಡ್ಸ್ದೆ."

ಅವರು ಸ್ಕ್ರ್ಯಾಚನ್ನು ಹೊಸ ಡಿಸ್ಕಿಗೆ ಬದಲಿಸಿದರು, ಎರಡು ನಿಮಿಷದ ಕೆಲಸ. ಪರೀಕ್ಷೆಗೆ ಬೇರೆ ಒಂದು ಫೋಟೋ ತೆರೆದರೆ ಸಾಫ್ಟ್‌ವೇರು ಹರಿಯುವ ನೀರಿನ ಹಾಗೆ ಓಡಿತು. ಬೇಸಿಗೆಯಿಂದ ನನ್ನನ್ನು ಅರೆದ ರೋಗ ಅಷ್ಟೇ. ಆದರೆ ಹಂಗಳದ ಆ ಮದುವೆ ಇದ್ದದ್ದು ಹಳೆಯ ಡಿಸ್ಕಿನಲ್ಲಿ. ಕಾಪಿ ಮಾಡಲು ಹೋದರೆ ಅದೇ ಮದುವೆಗೆ ಬಂದು ನಿಂತುಬಿಡುತ್ತಿತ್ತು, ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಬೆಂಗಳೂರಿಗೆ ಕಳಿಸಿದರೆ ತೆಗೆದುಕೊಡುವವರಿದ್ದಾರೆ, ವಾರಗಟ್ಟಲೆ ಆಗುತ್ತದೆ ಎಂದರು.

"ನಾಡಿದ್ದು ಹನ್ನೊಂದ್ರ ದಿವ್ಸ," ಎಂದೆ.

ಅವರು ಹೇಳಿದರು: "ಇವತ್ತು ಮುಟ್ಟಲೇಬ್ಯಾಡ. ತಣ್ಣಗಾಗ್ಲಿ. ತಣ್ಣಗಿದ್ದಾಗ ಮೊದಲ ಹತ್ತು ನಿಮಿಷ ಕೆಲವು ಓಡ್ತವ. ನಾಳ ಬೆಳಿಗ್ಗೆ ಒಂದೇ ಸಲ ತಗಿ. ಫೋಟೋ ಬಂತಾ, ಹೊಸ ಡಿಸ್ಕಿಗ ಸೇವ್ ಆಸ್ ಮಾಡು. ಬ್ಯಾರ ಯಾನೂ ಮಾಡ್ಬ್ಯಾಡ. ಯಾನೂ ಅಂದ್ರ ಯಾನೂ."

ಹತ್ತನೆಯ ದಿನ ಬೆಳಿಗ್ಗೆ ನಾನು ಬರುವ ಮೊದಲೇ ಅವಳು ಸ್ಟುಡಿಯೋ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಕರೆದು ಕೂರಿಸಿ ಇದ್ದದ್ದು ಇದ್ದ ಹಾಗೆ ಹೇಳಿದೆ: ಡಿಸ್ಕು ಕೊನೆಯುಸಿರಿನಲ್ಲಿದೆ, ಒಂದೇ ಸಲ ನೋಡುವುದು. ಅವಳು ಸ್ಟೂಲನ್ನು ಹತ್ತಿರ ಎಳೆದುಕೊಂಡಳು. ಆನ್ ಮಾಡಿದೆ. ಸದ್ದಿರಲಿಲ್ಲ. ಫೈಲಿನ ಮೇಲೆ ಒತ್ತಿದೆ. ಚಪ್ಪರದ ಬಣ್ಣದ ಬಟ್ಟೆ, ತಲೆಗಳ ಸಾಲು, ಹೂಮಾಲೆ, ಸೀರೆಯ ನೆರಿಗೆ, ಎಲ್ಲ ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಇಳಿದು ಬಂದು ಪೂರ್ತಿಯಾಯಿತು. ಬಲತುದಿಯಲ್ಲಿ ಹಸಿರು ರವಿಕೆಯ ಆ ಹೆಂಗಸು ನಗುತ್ತಿದ್ದಳು. ಮುಂದಿನ ಒಂದು ಹಲ್ಲು ಇರಲಿಲ್ಲ. ಸೆರಗೆಳೆಯಲು ಕೈ ಅರ್ಧ ಎತ್ತಿದ್ದಳು, ಅಷ್ಟರಲ್ಲಿ ನಾನು ಕ್ಲಿಕ್ ಮಾಡಿಬಿಟ್ಟಿದ್ದೆ.

"ಅವ್ವ," ಎಂದಳು ಮಗಳು. ಆಮೇಲೆ, "ವಸಿ ದೊಡ್ದು ಮಾಡಣ್ಣ."

ದೊಡ್ಡದು ಮಾಡಿದೆ. ಪರದೆಯ ತುಂಬ ಆ ಮುಖ.

"ಕೆನ್ನೆ ಕಪ್ಪಾಗದಲ್ಲಣ್ಣ. ಅವ್ವ ಅಷ್ಟ್ ಕಪ್ಪಿರ್ನಿಲ್ಲ."

ಯಾನೂ ಮಾಡಬ್ಯಾಡ ಎಂದು ಅವರು ಹೇಳಿದ್ದು ತಲೆಯಲ್ಲಿತ್ತು. ಆದರೆ ಗಿರಾಕಿ ಕಪ್ಪು ಎಂದರೆ ನನ್ನ ಕೈ ತಲೆಯನ್ನು ಕೇಳುವುದಿಲ್ಲ. ಬ್ರಷ್ ತೆಗೆದುಕೊಂಡು ಬಲಗೆನ್ನೆಯ ಮೇಲೆ ಎರಡು ಸಲ ಬೆಳಕು ಸವರಿದೆ. ಸವರಿದ ತಕ್ಷಣ ಎಡಗೈ ತಾನಾಗಿ ಹೋಗಿ ಸೇವ್ ಮಾಡುವ ಎರಡು ಕೀಲಿ ಒತ್ತಿತು. ಎರಡು ಗೆರೆ ಎಳೆದರೆ ಒಂದು ಸೇವ್, ಕರೆಂಟನ್ನು ನಂಬಬೇಡಿ ಎಂದು ಈ ಊರಿನ ಎಷ್ಟೋ ಸ್ಟುಡಿಯೋದವರಿಗೆ ಪಾಠ ಹೇಳಿದವನು ನಾನು. ಆ ಕೀಲಿ ಫೋಟೋವನ್ನು ಹೊಸ ಡಿಸ್ಕಿಗೆ ಬರೆಯುವುದಿಲ್ಲ. ಎಲ್ಲಿಂದ ಬಂತೋ ಅಲ್ಲಿಗೇ, ಆ ಸಾಯುತ್ತಿರುವ ಡಿಸ್ಕಿನ ಮೇಲೇ, ಹಳೆಯದನ್ನು ಅಳಿಸಿ ಬರೆಯುತ್ತದೆ.

ಟಕ್ ಟಕ್ ಶುರುವಾಯಿತು. ಬ್ರಷ್ಷಿನ ಗುರುತು ಇದ್ದ ಕಡೆ ನೀಲಿ ಉಂಗುರ ಬಂತು.

"ಯಾನಾಯ್ತಣ್ಣ?"

"ಹ್ಯಾಂಗ್ ಆಗೋಯ್ತು."

ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು, ಟ್ಯೂಬ್‌ಲೈಟು ಆರಿತು. ಯುಪಿಎಸ್ ಕುಯ್ ಕುಯ್ ಎಂದು ಕೂಗತೊಡಗಿತು. ಅದರ ಬ್ಯಾಟರಿ ಹಳೆಯದು, ಐದು ನಿಮಿಷ ಬಂದರೆ ಪುಣ್ಯ. ಕತ್ತಲಾದ ಸ್ಟುಡಿಯೋದಲ್ಲಿ ಪರದೆಯೊಂದೇ ಉಳಿಯಿತು, ಅದರಲ್ಲಿ ಆ ಮುಖ. ಫೈಲು ಹೋಯಿತು ಎನ್ನುವುದು ನನಗೆ ಖಾತ್ರಿಯಾಯಿತು. ಇನ್ನು ಆ ತಾಯಿಯ ಮುಖ ಇರುವುದು ಈ ಗಾಜಿನ ಮೇಲೆ ಮಾತ್ರ, ಅದೂ ಬ್ಯಾಟರಿ ಇರುವ ತನಕ.

ಎದ್ದೆ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಏರಿಸಿ ಪರದೆಯ ಎದುರಿಗೆ ತಂದು ನಿಲ್ಲಿಸಿದೆ. ಬಾಗಿಲಿನ ಬೆಳಕು ಗಾಜಿನಲ್ಲಿ ಹೊಳೆಯುತ್ತಿತ್ತು. ಅಂಗಡಿಯ ಶಟರ್ ಅರ್ಧ ಎಳೆದು, ಒಳಗೊಬ್ಬ ಹೆಂಗಸು ಇದ್ದಾಳಲ್ಲ ಎಂದು ಕೈ ತಡೆದೆ.

"ಪೂರ್ತಿ ಎಳಿ ಅಣ್ಣ, ಯಾರ್ ಯಾನಂದ್ಕಂಡ್ರೇನು," ಎಂದಳು ಅವಳೇ.

ಎಳೆದೆ. ಶಟರಿನ ಸಂದಿಯಿಂದ ಬರುತ್ತಿದ್ದ ಬೆಳಕಿಗೆ ಏನಾದರೂ ಅಡ್ಡ ಬೇಕಿತ್ತು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರಿಗೆ ಹಾಕಿಸುವ ಕರೀ ಕೋಟು ಗೂಟದಲ್ಲಿತ್ತು. ಅದನ್ನು ಅವಳ ಕೈಗೆ ಕೊಟ್ಟು ನನ್ನ ಹಿಂದೆ ಅಗಲಿಸಿ ಹಿಡಿಯಲು ಹೇಳಿದೆ. ಹಿಡಿದುಕೊಂಡಳು. ಕೋಟಿನ ಮೇಲಿಂದ ಇಣುಕಿ ಪರದೆ ನೋಡಿದಳು.

"ಅಣ್ಣ, ಕೆನ್ನೆ ಮ್ಯಾಲ ಆ ಉಂಗ್ರ ಸುತ್ತುತಾ ಅದಲ್ಲ. ಅದ ಪಕ್ಕಕ್ಕ ತಳ್ಳಾಕಾಗದಿಲ್ವ?"

ಅವಳು ಮೌಸಿನ ಕಡೆ ಕೈ ಚಾಚಿದಳು. ಒಂದು ಕ್ಲಿಕ್ ಆದರೆ ಪರದೆ ಬೆಳ್ಳಗಾಗಿ ಇದೂ ಹೋಗುತ್ತದೆ ಎನ್ನುವ ಭಯ ನನಗೆ.

"ಮುಟ್ಬ್ಯಾಡ ಕಣಮ್ಮಿ!" ಎಂದು ಕೂಗಿದೆ. "ಸುಮ್ನ ನಿಂತ್ಕ. ನಂಗ್ ಗೊತ್ತು."

ಅವಳು ಕೈ ಹಿಂದೆ ಎಳೆದುಕೊಂಡಳು.

ಮೊದಲ ಫೋಟೋ ತೆಗೆದೆ, ಅಡ್ಡಕ್ಕೆ ಕಪ್ಪು ಪಟ್ಟೆ ಬಂತು. ನಿಧಾನದ ವೇಗಕ್ಕೆ ತಿರುಗಿಸಿ, ಗಾಜಿನ ಚುಕ್ಕಿಗಳು ಕಾಣದ ಹಾಗೆ ಫೋಕಸ್ಸನ್ನು ಕೂದಲೆಳೆಯಷ್ಟು ಸಡಿಲಿಸಿ ಎರಡನೆಯದು ತೆಗೆದೆ. ಮೂರನೆಯದಕ್ಕೆ ಬೆರಳಿಟ್ಟಾಗ ಯುಪಿಎಸ್ ಒಮ್ಮೆ ಉದ್ದಕ್ಕೆ ಕೂಗಿ ನಿಂತಿತು. ಮುಖ ಹೋಯಿತು. ನಾವಿಬ್ಬರೂ ಕತ್ತಲಲ್ಲಿ ನಿಂತಿದ್ದೆವು. ಹೊರಗೆ ಕೇರಳದ ಕಡೆ ಹೋಗುವ ಲಾರಿಯೊಂದು ಹಾರನ್ ಹೊಡೆಯುತ್ತಿತ್ತು. ಶಟರ್ ಎತ್ತಿ ಕ್ಯಾಮೆರಾದಲ್ಲಿ ನೋಡಿದೆ. ಎರಡನೆಯದು ಚೆನ್ನಾಗಿ ಬಂದಿತ್ತು.

ಕರೆಂಟು ಬಂದದ್ದು ಮಧ್ಯಾಹ್ನ. ಕೊಸರಿನ ಡಿಸ್ಕು ಆಮೇಲೆ ಕಂಪ್ಯೂಟರಿಗೆ ಕಾಣಿಸಲೇ ಇಲ್ಲ. ಅದರ ವೈರು ಕಿತ್ತು, ಆ ಎರಡನೆಯ ಫೋಟೋ ತೆರೆದೆ. ಸಾಫ್ಟ್‌ವೇರು ಎಲ್ಲೂ ನಿಲ್ಲದೆ ಓಡಿತು. ಪರದೆಯ ಗೆರೆಗಳನ್ನು ತೆಗೆದೆ, ಸೀರೆಯ ಬಣ್ಣ ತಂದೆ. ಉಳಿದದ್ದು ಬಲಗೆನ್ನೆಯಿಂದ ಬಾಯಿಯ ಪಕ್ಕದವರೆಗೆ ಕೂತಿದ್ದ ನೀಲಿ ಉಂಗುರ, ಬಳೆಯ ಚೂರಿನ ಹಾಗೆ. ಪಕ್ಕದ ಚರ್ಮವನ್ನು ತಂದು ಅದರ ಮೇಲೆ ಮುಚ್ಚಿದೆ. ಅದು ನನಗೆ ಕಣ್ಣುಮುಚ್ಚಿ ಮಾಡುವ ಕೆಲಸ.

ಅವಳು ಬಗ್ಗಿ ನೋಡಿದಳು. "ಇಲ್ಲೊಂದು ಗುರ್ತಿತ್ತಲ್ಲಣ್ಣ."

"ಯಾನ ಗುರ್ತು?"

"ಅವ್ವ ಸಣ್ಣವ್ಳಿದ್ದಾಗ ಹಸ ಕೊಂಬಲ್ಲಿ ತಿವ್ದಿದ್ದು. ಒಂದ್ ಚೂರು ಹಳ್ಳ ಬಿದ್ದಂಗ."

"ಎಲ್ಲಿತ್ತು ಹೇಳು, ಮಾಡ್ತೀನಿ."

ಪರದೆಯ ಮೇಲೆ ಬೆರಳಿಟ್ಟಳು. ತೆಗೆದಳು. ತನ್ನ ಕೆನ್ನೆಯ ಮೇಲೆ ಇಟ್ಟು ನೋಡಿಕೊಂಡಳು. ಮತ್ತೆ ಪರದೆಯ ಮೇಲೆ ಇನ್ನೊಂದು ಕಡೆ ಇಟ್ಟಳು. ದಿನವೂ ನೋಡಿದ ಮುಖ. ಬೆರಳು ಮಾತ್ರ ಒಂದು ಕಡೆ ನಿಲ್ಲಲಿಲ್ಲ. ಕೊನೆಗೆ ಅಳು ಬಂತು.

"ಗೊತ್ತಾಯ್ತಿಲ್ಲ ಕಣಣ್ಣ. ಎಲ್ಲೋ ಇಲ್ಲೇ."

ಇಪ್ಪತ್ತೈದು ವರ್ಷದಿಂದ ನಾನು ಮುಖಗಳ ಮಚ್ಚೆ, ಗಾಯ, ಕಲೆಗಳನ್ನು ಯಾರನ್ನೂ ಕೇಳದೆ ಒರೆಸಿದವನು. ಒರೆಸಿದ್ದಕ್ಕೆ ಜನ ನಕ್ಕು ಹೋಗಿದ್ದಾರೆ. ಒಂದು ಗುರುತನ್ನು ಹೊಸದಾಗಿ ಮೂಡಿಸಿದ್ದು ಅದೇ ಮೊದಲು. ಅವಳ ಬೆರಳು ಮೊದಲು ನಿಂತ ಕಡೆ, ಅಕ್ಕಿಕಾಳಿನಷ್ಟು ನೆರಳು ಹಾಕಿದೆ. ಅವಳು ನೋಡಿ ತಲೆಯಾಡಿಸಿದಳು. ಸರಿಯೆಂದೋ ಸಾಕೆಂದೋ ತಿಳಿಯಲಿಲ್ಲ.

ಹನ್ನೊಂದನೆಯ ದಿನ ಕಟ್ಟು ಹಾಕಿಸಿದ ಫೋಟೋವನ್ನು ಬೈಕಿನಲ್ಲಿ ನಾನೇ ಹಂಗಳಕ್ಕೆ ಕೊಂಡುಹೋದೆ. ಒಂದು ಮಣೆಯ ಮೇಲೆ ಗೋಡೆಗೆ ಒರಗಿಸಿ ಇಟ್ಟರು. ಅದರ ನೆತ್ತಿಯ ಮೇಲೆ ನಾನು ಕೊಟ್ಟ ಗಡಿಯಾರ ಇನ್ನೂ ಓಡುತ್ತಿತ್ತು. ಬಂದವರೆಲ್ಲ ಬಾಯಿ ತುಂಬ ಹೊಗಳಿದರು, ಎದ್ದು ಬಂದು ಮಾತಾಡುವ ಹಾಗಿದೆ ಎಂದರು. ಸತ್ತವಳ ಅಕ್ಕ, ಬೆನ್ನು ಬಾಗಿದ ಮುದುಕಿ, ಹತ್ತಿರ ಬಂದು ಕೂತು ಬಹಳ ಹೊತ್ತು ನೋಡಿದಳು. ಸೆರಗಿನ ತುದಿಯಿಂದ ಗಾಜಿನ ಆ ಜಾಗವನ್ನು ಒರೆಸಿದಳು. ಗುರುತು ಹೋಗಲಿಲ್ಲ.

"ವಸಿ ಕೆಳೀಕಿತ್ತು ಕಣಪ್ಪ ಇದು," ಎಂದಳು ನನಗೆ. "ಬಾಯ ಪಕ್ಕ. ನಕ್ಕರ ಗುಳಿ ಬೀಳದು. ನಾನೇ ಅಲ್ವ ಹಸವ ಇಡ್ಕಂಡಿದ್ದೋಳು."

ಮಗಳು ಎಡೆಗೆ ಎಲೆ ಹಾಸುತ್ತಿದ್ದಳು. ಕೇಳಿಸಿಕೊಂಡಳು. ನನ್ನ ಕಡೆ ಒಮ್ಮೆ ನೋಡಿ ಎಲೆಗೆ ನೀರು ಚಿಮುಕಿಸಿದಳು.

ಆ ವಾರ ಚಾಮರಾಜನಗರಕ್ಕೆ ಹೋಗಿ ಕಂಪ್ಯೂಟರಿನವರಿಗೆ ನಡೆದದ್ದೆಲ್ಲ ಹೇಳಿದೆ. ಪರದೆಯ ಫೋಟೋ ತೆಗೆದ ನನ್ನ ಬುದ್ಧಿಗೆ ಅವರು ಭೇಷ್ ಎಂದರು. ಉಂಗುರದ ವಿಷಯ ಬಂದಾಗ ಮಾತ್ರ ತಲೆ ಕೆರೆದುಕೊಂಡರು.

"ಮೌಸ್ ಅಲ್ಲಾಡ್ಸಿ ಉಂಗ್ರವ ಪಕ್ಕಕ್ಕ ಸರ್ಸ್ಬೋದಾಗಿತ್ತಲ್ಲಣ್ಣ. ಅಲ್ಲಾಡ್ಸುದ್ರ ಯಾನೂ ಆಗಲ್ಲ. ಒತ್ತಬಾರ್ದಾಗಿತ್ತು ಅಷ್ಟೆ."

ನಾನು ಟೀ ಕುಡಿದು ಮುಗಿಸಿದೆ. ಸತ್ತ ಡಿಸ್ಕನ್ನು ಅವರ ಮೇಜಿನ ಮೇಲೆ ಬಿಟ್ಟು ಬಂದೆ. ಅವತ್ತು ಯುಪಿಎಸ್ಸಿಗೆ ಒಂದು ಹೊಸ ಬ್ಯಾಟರಿ ತೆಗೆದುಕೊಂಡೆ, ಕೊಸರು ಕೇಳಲಿಲ್ಲ. ಅವರೇ, "ಯಾಕ, ಮೈ ಉಷಾರಿಲ್ವಾ?" ಎಂದರು.

ಸ್ವಲ್ಪ ದಿನದ ಮೇಲೆ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಳು. ಕೆಲಸಕ್ಕೆ ಹೊರಟಿದ್ದಳು. ನಾನು ತಪ್ಪು ಒಪ್ಪಿಕೊಂಡೆ. ಅವತ್ತು ಅವಳ ಕೈ ತಡೆಯದಿದ್ದರೆ ಗುರುತು ಇದ್ದಲ್ಲೇ ಸಿಗುತ್ತಿತ್ತು ಎಂದೆ. ದೊಡ್ಡಮ್ಮ ಹೇಳಿದ ಕಡೆ ಸರಿಮಾಡಿ ಬೇರೆ ಪ್ರಿಂಟು ಹಾಕಿಟ್ಟಿದ್ದೇನೆ, ಬಂದು ಒಯ್ಯಿ ಎಂದೆ.

"ಬ್ಯಾಡ ಬುಡಣ್ಣ," ಎಂದಳು. "ಅದ್ಕ ಎಡೆ ಮಡಗಾಗೋಯ್ತು. ದೀಪ ಅಚ್ಚಿದ್ ಮ್ಯಾಲ ಫೋಟೋ ಬದ್ಲಾಯ್ಸಾಕಾಯ್ತದಾ? ಈಗ ಅದೇ ನಮ್ಮವ್ವ."

ಬಸ್ಸು ಬಂತು, ಹತ್ತಿದಳು. ಕಿಟಕಿಯ ಪಕ್ಕ ಕೂತು ತನ್ನ ಬಲಗೆನ್ನೆಯನ್ನು ಬೆರಳಿನಿಂದ ಒಮ್ಮೆ ಮುಟ್ಟಿಕೊಂಡಳೋ, ಕೂದಲು ಸರಿಮಾಡಿಕೊಂಡಳೋ, ನನಗೆ ಗೊತ್ತಾಗಲಿಲ್ಲ.

ಈಗ ಮದುವೆ ಮುಗಿದ ವಾರದಲ್ಲೇ ಎಲ್ಲ ಫೈಲುಗಳನ್ನೂ ಪೆನ್‌ಡ್ರೈವಿಗೆ ತುಂಬಿ ಹುಡುಗಿಯ ಕೈಗೆ ಕೊಡುತ್ತೇನೆ. ಗಡಿಯಾರ ಮಾಡಿಸುವುದನ್ನು ಬಿಟ್ಟಿದ್ದೇನೆ. ಹೊಸ ಡಿಸ್ಕಿನಲ್ಲಿ ಆ ತಾಯಿಯ ಎರಡು ಮುಖಗಳಿವೆ, ಒಂದರಲ್ಲಿ ಗುರುತು ಮೇಲೆ, ಇನ್ನೊಂದರಲ್ಲಿ ಬಾಯಿಯ ಪಕ್ಕ. ಎರಡನ್ನೂ ಮೂರು ಮೂರು ಕಡೆ ಕಾಪಿ ಮಾಡಿಟ್ಟಿದ್ದೇನೆ. ಎರಡರಲ್ಲೂ ಗುರುತು ನನ್ನದು.